ಬೆಂಗಳೂರಲ್ಲಿ ಹೊತ್ತು ಗೊತ್ತಿದ್ದರೆ ಸಾಕು

ಮಾತು ಶುರುವಾಗುವ ಮೊದಲು ಹಿಂದಿನ ಸಾಲಿನಲ್ಲಿ ಕೂತಿರುವ ಒಬ್ಬ ಹುಡುಗಿ ನನ್ನ ಹತ್ತಿರ ಬಂದು ಮಾತಾಡಿಸಿದಳು. ಬೆಂಗಳೂರಿಗೆ ಬಂದು ಎಂಟು ತಿಂಗಳಾಯಿತಂತೆ. "ಭಾನುವಾರ ಪೀಜಿಯಿಂದ ಹೊರಗೆ ಕಾಲಿಟ್ಟರೆ ಸಾವಿರ ರೂಪಾಯಿ ಹೋಗುತ್ತೆ ಸಾರ್, ಅದಕ್ಕೇ ಮಲಗಿಬಿಡ್ತೀನಿ" ಅಂದಳು. ನಾನು ಬರೆದುಕೊಂಡು ಬಂದ ಮೊದಲ ಪುಟ ಪಕ್ಕಕ್ಕಿಟ್ಟಿದ್ದೇನೆ. ಈ ಮಾತಿನಿಂದಲೇ ಶುರು ಮಾಡೋಣ.

ನಾನು ಈ ಊರಿಗೆ ಬಂದದ್ದು 1994ರಲ್ಲಿ, ಅರಸೀಕೆರೆ ಕಡೆಯಿಂದ. ಶ್ರೀನಗರದಲ್ಲಿ ಒಂದು ರೂಮು, ಮೂರು ಜನ. ಊರಿಗೆ ಕಳಿಸಿ, ಮೆಸ್ಸಿಗೆ ಕೊಟ್ಟು, ತಿಂಗಳ ಇಪ್ಪತ್ತನೇ ತಾರೀಖಿಗೆ ಜೇಬಿನಲ್ಲಿ ಬಸ್ಸಿನ ಚಿಲ್ಲರೆ ಮಾತ್ರ ಇರುತ್ತಿತ್ತು. ನಾನೂ ಭಾನುವಾರ ಮಲಗುತ್ತಿದ್ದೆ. ರೂಮಿನಲ್ಲಿದ್ದ ಹಿರಿಯರೊಬ್ಬರು ಪೀಣ್ಯದಲ್ಲಿ ಟರ್ನರ್ ಕೆಲಸ ಮಾಡುತ್ತಿದ್ದರು. ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ಹೊದಿಕೆ ಎಳೆದು ಎಬ್ಬಿಸಿದರು. "ಈ ಊರಲ್ಲಿ ದುಡ್ಡಿಲ್ಲದವನು ಹೊತ್ತು ತಿಳ್ಕೊಂಡಿರಬೇಕು ಕಣಯ್ಯ, ಏಳು" ಅಂದರು. ಮೂವತ್ತು ವರ್ಷದಿಂದ ನಾನು ಆ ಒಂದು ಮಾತನ್ನು ಇಟ್ಟುಕೊಂಡೇ ಈ ಊರನ್ನು ನೋಡುತ್ತಿದ್ದೇನೆ. ಇಲ್ಲಿ ಪುಕ್ಕಟೆ ಸಿಗುವುದು ಬೇಕಾದಷ್ಟಿದೆ. ಆದರೆ ಅದರದ್ದೊಂದು ಗಂಟೆ ಇದೆ, ಒಂದು ತಿಂಗಳು ಇದೆ. ಆಗ ಹೋದರೆ ಉಂಟು, ಆಮೇಲೆ ಹೋದರೆ ಇಲ್ಲ.

ಅವತ್ತು ಅವರು ಕರೆದುಕೊಂಡು ಹೋದದ್ದು ಕೆ.ಆರ್. ಮಾರ್ಕೆಟ್ಟಿಗೆ. ನೀವು ಅಲ್ಲಿಗೆ ಮಧ್ಯಾಹ್ನ ಹೋಗಿರಬಹುದು. ತರಕಾರಿ, ನೂಕಾಟ, ಕೆಸರು. ಬೆಳಗ್ಗೆ ಐದಕ್ಕೆ ಹೋಗಿ ನೋಡಿ. ನೆಲಮಹಡಿಯ ಹೂವಿನ ಅಂಗಳದಲ್ಲಿ ಚೆಂಡು ಹೂವಿನ ಗುಡ್ಡ, ಸೇವಂತಿಗೆಯ ಗುಡ್ಡ, ಒದ್ದೆ ಗೋಣಿಯೊಳಗೆ ಗುಲಾಬಿ. ಮೇಲಿನ ಮಹಡಿಯ ಕಟಕಟೆ ಹಿಡಿದು ಕೆಳಗೆ ನೋಡಬೇಕು. ಹಳದಿ, ಕೇಸರಿ, ಬಿಳಿ, ಮಧ್ಯೆ ತಲೆಯ ಮೇಲೆ ಮಂಕರಿ ಹೊತ್ತು ಓಡುವ ಜನ. ಮಲ್ಲಿಗೆ, ಕಾಕಡ, ಕನಕಾಂಬರ ಎಲ್ಲ ತೂಕದ ಲೆಕ್ಕದಲ್ಲಿ ಕೈ ಬದಲಾಗುತ್ತಿರುತ್ತವೆ. ಎಂಟು ಗಂಟೆ ದಾಟಿದರೆ ಅರ್ಧ ಬಣ್ಣ ಖಾಲಿ. ಒಂದು ಮಾತು ನೆನಪಿರಲಿ: ಅಲ್ಲಿ ಎಲ್ಲರೂ ಕೆಲಸದಲ್ಲಿರುತ್ತಾರೆ. ದಾರಿಗೆ ಅಡ್ಡ ನಿಂತು ಫೋಟೋ ತೆಗೆಯಬೇಡಿ. ಒಂದು ಮೊಳ ಹೂವು ಕೊಂಡರೆ ಅವರಿಗೂ ಖುಷಿ.

ಮಾರ್ಕೆಟ್ಟಿನಿಂದ ಅವರು ನನ್ನನ್ನು ನಡೆಸಿಕೊಂಡು ಲಾಲ್‌ಬಾಗಿಗೆ ಕರೆದುಕೊಂಡು ಹೋದರು. ಬೆಳಗ್ಗೆ ವಾಕಿಂಗ್ ಮಾಡುವವರ ಹೊತ್ತಿನಲ್ಲಿ ಅಲ್ಲಿ ಟಿಕೆಟ್ ಕೇಳುವುದಿಲ್ಲ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, ಟಿಪ್ಪು ಬೆಳೆಸಿದ ತೋಟ, ಈಗ 240 ಎಕರೆ. ಗಾಜಿನ ಮನೆ ಎಲ್ಲರಿಗೂ ಗೊತ್ತು. ನಾನು ನಿಮ್ಮನ್ನು ಕಳಿಸುವುದು ಅಲ್ಲಿನ ಬಂಡೆಗೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ನೆಲದ ಮೇಲೆ ಹುಲ್ಲು, ಮರ, ಪ್ರಾಣಿ ಯಾವುದೂ ಇಲ್ಲದಿದ್ದಾಗ ಹುಟ್ಟಿದ ಕಲ್ಲು ಅದು. ಬೂದು ಬಣ್ಣದ ಮೇಲೆ ಬಿಳಿ ಗೆರೆಗಳು ಹಾದು ಹೋಗಿರುತ್ತವೆ, ಹಿಟ್ಟು ನಾದಿದ ಹಾಗೆ. ಬೆಳಗ್ಗೆ ಬರಿಗಾಲಲ್ಲಿ ನಿಂತರೆ ತಣ್ಣಗಿರುತ್ತದೆ. ನಾನು ಎಷ್ಟೋ ಸಲ, ಮನಸ್ಸು ಸರಿ ಇಲ್ಲದಾಗ, ಅಲ್ಲಿ ಹೋಗಿ ಸುಮ್ನೆ ಕೂತಿದ್ದೇನೆ. ಬಸವನಗುಡಿಯ ಬ್ಯೂಗಲ್ ರಾಕ್ ಕೂಡ ಇದೇ ಜಾತಿಯ ಕಲ್ಲು.

ಆ ಬಂಡೆಯ ನೆತ್ತಿಯಲ್ಲಿ ಕೆಂಪೇಗೌಡರ ಹೆಸರಿನ ಪುಟ್ಟ ಗೋಪುರ ಇದೆ. ಇಂಥವು ನಾಲ್ಕು. ಇನ್ನು ಮೂರು ಎಲ್ಲಿವೆ, ಯಾರಿಗಾದರೂ ಗೊತ್ತಾ? ಒಂದು ಕೆಂಪಾಂಬುಧಿ ಕೆರೆಯ ಹತ್ತಿರ, ಒಂದು ಹಲಸೂರು ಕೆರೆಯ ಹತ್ತಿರ, ಒಂದು ಮೇಖ್ರಿ ವೃತ್ತದ ಹತ್ತಿರ. ಊರು ಇಷ್ಟರವರೆಗೆ ಬೆಳೆಯಲಿ ಎಂದು ಹಾಕಿದ ಎಲ್ಲೆ ಎಂಬ ಮಾತು ಇದೆ. ಬಿಎಂಟಿಸಿಯ ಒಂದು ದಿನದ ಪಾಸು ತೆಗೆದುಕೊಂಡು ನಾಲ್ಕನ್ನೂ ಒಂದೇ ದಿನ ನೋಡಿ. ನಾನು ಕಳೆದ ಸಲ ಕೊಂಡಾಗ ಮಾಮೂಲಿ ಬಸ್ಸಿನ ಪಾಸಿಗೆ 80 ರೂಪಾಯಿ. ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಅದೂ ಬೇಡ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಆಧಾರ್ ತೋರಿಸಿದರೆ ಸಾಕು. ನಾಲ್ಕು ಗೋಪುರ ಸುತ್ತಿ ಬಂದ ಮೇಲೆ ಆಗಿನ ಊರು ಎಷ್ಟಿತ್ತು ಎಂಬುದು ನಿಮ್ಮ ಕಾಲಿಗೇ ಗೊತ್ತಾಗುತ್ತದೆ. ಈಗ ನಾವು ಆಫೀಸಿಗೆ ಹೋಗಿ ಬರುವ ದೂರ ಅದಕ್ಕಿಂತ ಜಾಸ್ತಿ!

ಲಾಲ್‌ಬಾಗಿನ ಮಾತು ಬಂದ ಮೇಲೆ ಕೃಂಬಿಗಲ್ ಅವರನ್ನು ಬಿಟ್ಟು ಮುಂದೆ ಹೋಗಲಾರೆ. ಗುಸ್ತಾವ್ ಹರ್ಮನ್ ಕೃಂಬಿಗಲ್, ಜರ್ಮನಿಯ ಡ್ರೆಸ್ಡನ್ ಕಡೆಯವರು. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡಕ್ಕೆ ಬಂದು, 1908ರಲ್ಲಿ ಇಲ್ಲಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತರು. 1956ರಲ್ಲಿ ತೀರಿಕೊಂಡದ್ದೂ ಇಲ್ಲೇ. ಅವರ ಯೋಚನೆ ಸರಳವಾಗಿತ್ತು. ಒಂದು ರಸ್ತೆಯ ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ರಸ್ತೆಯಲ್ಲಿ ಹೂ ಶುರುವಾಗಬೇಕು. ವರ್ಷದಲ್ಲಿ ಯಾವ ತಿಂಗಳೂ ಊರು ಹೂವಿಲ್ಲದೆ ಇರಬಾರದು. ಎಂಥ ಕನಸು ನೋಡಿ. ಇವತ್ತು ನೀವು ಬಸ್ಸಿನ ಕಿಟಕಿಯಿಂದ ನೋಡುವ ಹೂವಿನಲ್ಲಿ ಆ ಲೆಕ್ಕದ ನೆರಳು ಇದೆ.

ಈ ಲೆಕ್ಕ ನಿಮಗೂ ಗೊತ್ತಿರಲಿ ಎಂದು ಹೇಳುತ್ತೇನೆ. ಈಗ ಕಾರ್ತಿಕ, ಆಕಾಶಮಲ್ಲಿಗೆಯ ಕಾಲ. ಉದ್ದನೆ ತೊಟ್ಟಿನ ಬಿಳಿ ಹೂ, ರಾತ್ರಿ ಅರಳಿ ಬೆಳಗ್ಗೆ ನೆಲದ ಮೇಲೆ ಬಿದ್ದಿರುತ್ತದೆ. ಅದರ ತೊಟ್ಟುಗಳನ್ನೇ ಹೆಣೆದು ದಾರವಿಲ್ಲದೆ ಮಾಲೆ ಮಾಡಬಹುದು. ನಿಮ್ಮ ಅಮ್ಮಂದಿರನ್ನು ಕೇಳಿ, ಮಾಡಿರುತ್ತಾರೆ. ಚಳಿ ಏರಿದ ಹಾಗೆ ಗುಲಾಬಿ ಬಣ್ಣದ ಟಬೂಬಿಯ ಬರುತ್ತದೆ. ಒಂದೇ ಒಂದು ಎಲೆ ಇರುವುದಿಲ್ಲ, ಮರ ಪೂರ್ತಿ ಹೂ. ಫೆಬ್ರವರಿ, ಮಾರ್ಚಿಗೆ ಅದರದ್ದೇ ಅಕ್ಕ ಹಳದಿ ಟಬೂಬಿಯ, ಜೊತೆಗೆ ನೇರಳೆ ಬಣ್ಣದ ಜಕರಂಡ. ಯುಗಾದಿ ಹತ್ತಿರ ಬಂದಾಗ ಹೊಂಗೆ. ಎಳೆ ಹಸಿರು ಎಲೆಯ ಕೆಳಗೆ ಪುರಿ ಚೆಲ್ಲಿದ ಹಾಗೆ ಹೂ ಉದುರಿರುತ್ತದೆ, ಮೇಲೆ ಜೇನು ಗುಂಯ್ ಅನ್ನುತ್ತಿರುತ್ತದೆ. ಏಪ್ರಿಲ್, ಮೇ ತಿಂಗಳು ಗುಲ್‌ಮೊಹರ್‌ದು, ನಮ್ಮ ಕಡೆ ಮೇ ಫ್ಲವರ್ ಅಂತಲೇ ಕರೆಯುತ್ತೇವೆ. ಕಕ್ಕೆಯೂ ಆಗಲೇ. ನೀರುಕಾಯಿ ಮರ ಗೊತ್ತಲ್ವಾ? ಅದರ ಮೊಗ್ಗು ಹಿಚುಕಿದರೆ ಪಿಚಕಾರಿ ಹಾಗೆ ನೀರು ಚಿಮ್ಮುತ್ತದೆ. ಈ ಸಭೆಯಲ್ಲಿ ಅದನ್ನು ಒಬ್ಬರ ಮೇಲೂ ಚಿಮ್ಮಿಸದವರು ಇದ್ದರೆ ಅವರು ಇನ್ನೂ ಬೆಂಗಳೂರಿಗೆ ಬಂದಿಲ್ಲ ಅಂತ ನನ್ನ ಲೆಕ್ಕ.

ಇವುಗಳಲ್ಲಿ ಎಷ್ಟೋ ಮರ ನಮ್ಮ ನೆಲದವು ಅಲ್ಲ. ಟಬೂಬಿಯ, ಜಕರಂಡ ದಕ್ಷಿಣ ಅಮೆರಿಕದ್ದು. ಗುಲ್‌ಮೊಹರ್ ಮಡಗಾಸ್ಕರ್‌ದು. ನೀರುಕಾಯಿ ಆಫ್ರಿಕಾದ್ದು. ನಿಮ್ಮ ಹಾಗೆ, ನನ್ನ ಹಾಗೆ, ಎಲ್ಲಿಂದಲೋ ಬಂದು ಇಲ್ಲಿ ಬೇರು ಬಿಟ್ಟವು. ಒಂದು ಸಣ್ಣ ನೋಟುಬುಕ್ಕಿನಲ್ಲಿ, ನೀವು ಹೋಗುವ ದಾರಿಯ ಹತ್ತು ಮರಗಳ ಹೆಸರು ಬರೆದುಕೊಳ್ಳಿ. ಯಾವ ವಾರ ಹೂ ಬಿಟ್ಟಿತು ಎಂದು ಗುರುತು ಹಾಕಿ. ಒಂದು ವರ್ಷ ಮಾಡಿ ನೋಡಿ. ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ನಿಮಗೆ ನೋಡುವುದಕ್ಕೆ ಏನಾದರೂ ಇರುತ್ತದೆ.

ಮರ ಆಯಿತು, ಇನ್ನು ಕಲ್ಲಿಗೆ ಬರೋಣ. ನನಗೆ ಇದು ತುಂಬ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಂಡರೆ ಸಹಿಸಿಕೊಳ್ಳಿ.

ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಮಾಡುವವರು ಕೈ ಎತ್ತಿ. ಇಷ್ಟು ಜನ ಇದ್ದೀರಿ. ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿದ್ದೀರಾ? ನಿಮ್ಮ ದಾರಿಯಿಂದ ಸ್ವಲ್ಪ ಒಳಗೆ, ಅಷ್ಟೇ. ಗಂಗರ ಕಾಲದ ಗುಡಿ. ಅಲ್ಲಿ ಸುಮಾರು 890ರ ಒಂದು ಶಾಸನ ಇದೆ. ಅದರಲ್ಲಿ 'ಬೆಂಗಳೂರು ಕಾಳಗ'ದಲ್ಲಿ ಸತ್ತವನೊಬ್ಬನ ಮಾತು ಬರುತ್ತದೆ. ಬೆಂಗಳೂರು ಎಂಬ ಹೆಸರು ಕಲ್ಲಿನ ಮೇಲೆ! ಬೆಂದ ಕಾಳಿನ ಕತೆ ನಿಮಗೆಲ್ಲ ಗೊತ್ತು. ದಾರಿ ತಪ್ಪಿದ ಹೊಯ್ಸಳ ರಾಜನಿಗೆ ಅಜ್ಜಿ ಬೇಯಿಸಿದ ಕಾಳು ಕೊಟ್ಟಳು, ಅದಕ್ಕೆ ಬೆಂದಕಾಳೂರು. ಚೆಂದದ ಕತೆ. ಆದರೆ ಆ ರಾಜ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮೊದಲೇ ಹೆಸರು ಇತ್ತು ಎಂದು ಬೇಗೂರಿನ ಕಲ್ಲು ಹೇಳುತ್ತಿದೆ. ಅದನ್ನು ನೋಡುವುದಕ್ಕೆ ನಯಾಪೈಸೆ ಕೊಡಬೇಕಾಗಿಲ್ಲ. ಅಕ್ಷರ ಮಾಸಿದೆ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಹೋಗಿ. ನೆತ್ತಿ ಬಿಸಿಲಲ್ಲಿ ಕಲ್ಲು ಬರೀ ಕಲ್ಲಾಗಿ ಕಾಣುತ್ತದೆ. ಓರೆ ಬಿಸಿಲಲ್ಲಿ ಪ್ರತಿ ಅಕ್ಷರಕ್ಕೂ ನೆರಳು ಬೀಳುತ್ತದೆ.

ಉತ್ತರದ ಕಡೆ ಇರುವವರಿಗೆ ಹೆಬ್ಬಾಳ ಇದೆ. ಅಲ್ಲಿ ಕಿತ್ತಯ್ಯ ಎಂಬವನ ವೀರಗಲ್ಲು ಕೆಲವು ವರ್ಷಗಳ ಹಿಂದೆ ಸಿಕ್ಕಿತು. ಸುಮಾರು 750ರದ್ದು, ಶ್ರೀಪುರುಷ ಎಂಬ ಗಂಗ ದೊರೆಯ ಕಾಲ. ಅಲ್ಲಿನ ಜನ ಸೇರಿ ಅದನ್ನು ಉಳಿಸಿಕೊಂಡರು. ಆ ಕಲ್ಲಿನಲ್ಲಿ ಊರಿನ ಹೆಸರು 'ಪೆರ್ಬೊಳಲ್'. ಪೆರ್ ಅಂದರೆ ಹಿರಿದು, ಪೊಳಲ್ ಅಂದರೆ ಊರು. ಹೆಬ್ಬಾಳ ಫ್ಲೈಓವರಿನಲ್ಲಿ ಸಿಕ್ಕಿಕೊಂಡಾಗ ಇದನ್ನು ನೆನಪು ಮಾಡಿಕೊಳ್ಳಿ. ಸುಮಾರು 1,270 ವರ್ಷದ ಹಿಂದೆಯೇ ಅದು ದೊಡ್ಡ ಊರಾಗಿತ್ತು.

ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ 1865ರಲ್ಲಿ ಶುರುವಾದದ್ದು. ಅಲ್ಲಿ ಆತಕೂರಿನ ಕಲ್ಲು ಇದೆ. ಇದು ಒಂದು ನಾಯಿಯ ಕತೆ. ಮಂಡ್ಯ ಜಿಲ್ಲೆಯ ಮದ್ದೂರಿನ ಹತ್ತಿರ ಆತಕೂರು. ಸುಮಾರು 950ರಲ್ಲಿ, ಚೋಳರ ಮೇಲಿನ ಯುದ್ಧದಲ್ಲಿ ಮಣಲೆರ ಎಂಬ ವೀರ ಚೆನ್ನಾಗಿ ಹೋರಾಡಿದ. ಮೆಚ್ಚಿದ ದೊರೆ ಏನು ಬೇಕು ಕೇಳು ಅಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆ ನಾಯಿಯನ್ನು ಕೇಳಿದ. ಆಮೇಲೆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಎರಡೂ ಕಚ್ಚಾಡಿ ಸತ್ತವು. ಮಣಲೆರ ತನ್ನ ನಾಯಿಗೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಬಾರದು ಎಂದೂ ಬರೆಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಎದುರು ಬದುರು ನಿಂತಿವೆ. ನಾನು ಮೊದಲ ಸಲ ನೋಡಿದಾಗ ಅಲ್ಲೇ ಕಣ್ಣು ತುಂಬಿತು. ಸಾವಿರ ವರ್ಷ ಕಳೆದರೂ ಆ ಪ್ರೀತಿ ಹಾಗೇ ಇದೆ. ಆ ಮ್ಯೂಸಿಯಮ್ಮಿನಲ್ಲಿ ಆಗಾಗ ದುರಸ್ತಿ ನಡೆಯುತ್ತಿರುತ್ತದೆ. ತೆರೆದಿದೆಯಾ ಎಂದು ವಿಚಾರಿಸಿಕೊಂಡು ಹೋಗಿ.

ಅಲ್ಲಿಂದ ಹೊರಗೆ ಬಂದರೆ ಕಬ್ಬನ್ ಪಾರ್ಕು. ಅದರ ಒಳಗಿನ ಕೆಂಪು ಕಟ್ಟಡ ನಮ್ಮ ಕೇಂದ್ರ ಗ್ರಂಥಾಲಯ, ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆನಪಿನದ್ದು. ಗ್ರಂಥಾಲಯ ಅಂದ ತಕ್ಷಣ ಕೆಲವರ ಮುಖ ಬಾಡಿತು. ಸ್ವಲ್ಪ ಕೇಳಿ. 1965ರ ಕಾಯ್ದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಆಸ್ತಿ ತೆರಿಗೆಯ ಮೇಲೆ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯಕ್ಕೆ ಅಂತ ಸೇರಿಸಿ ವಸೂಲು ಮಾಡುತ್ತಾರೆ. ನಿಮ್ಮ ಮನೆ ಮಾಲೀಕರು ಅದನ್ನು ಕಟ್ಟುತ್ತಾರೆ, ನೀವು ಬಾಡಿಗೆ ಕಟ್ಟುತ್ತೀರಿ. ಅಂದರೆ ಅಲ್ಲಿನ ಪುಸ್ತಕಕ್ಕೆ ನಿಮ್ಮ ದುಡ್ಡು ಆಗಲೇ ಹೋಗಿದೆ. ನಿಮ್ಮ ಬಡಾವಣೆಯಲ್ಲೂ ಒಂದು ಶಾಖೆ ಇರುತ್ತದೆ. ಬೆಳಗ್ಗೆ ಪೇಪರ್ ಓದುವ ಹಿರಿಯರು, ಕೆಎಎಸ್ ಪರೀಕ್ಷೆಗೆ ಓದುವ ಹುಡುಗರು, ಫ್ಯಾನಿನ ಸದ್ದು. ನಾನು ನನ್ನ ಕೆಲಸದ ಪರೀಕ್ಷೆಗಳನ್ನೆಲ್ಲ ಅಂಥ ಒಂದು ಶಾಖೆಯಲ್ಲೇ ಕೂತು ಓದಿದ್ದು. ರೂಮಿನಲ್ಲಿ ಮೂರು ಜನಕ್ಕೆ ಒಂದೇ ಬಲ್ಬು ಇತ್ತು. ಆ ಶಾಖೆ ಇರದಿದ್ದರೆ ನಾನು ಪಾಸಾಗುತ್ತಿರಲಿಲ್ಲ.

ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಗ್ಗೆ ಹೋದರೆ ಇನ್ನೊಂದು ನೋಟ ಸಿಗುತ್ತದೆ. ಚಾಪೆ ಹಾಸಿಕೊಂಡು ನೂರಾರು ಜನ ಮಾತಿಲ್ಲದೆ ಓದುತ್ತಿರುತ್ತಾರೆ. ಕಬ್ಬನ್ ರೀಡ್ಸ್ ಅಂತ. ಯಾರೂ ಹೆಸರು ಕೇಳುವುದಿಲ್ಲ, ಶುಲ್ಕ ಕೇಳುವುದಿಲ್ಲ. ಹೊಸ ಊರಲ್ಲಿ ಒಂಟಿತನ ಕಾಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮಾತಾಡಲೇಬೇಕು ಎಂಬ ಕಷ್ಟ ಇಲ್ಲ, ಜನದ ನಡುವೆ ಇದ್ದೇವೆ ಎಂಬ ಧೈರ್ಯ ಇದೆ.

ಸಂಜೆಯ ವಿಷಯಕ್ಕೆ ಬರುತ್ತೇನೆ. 1945ರಲ್ಲಿ ಬಸವನಗುಡಿಯ ಸುತ್ತಮುತ್ತ ಎರಡು ಸಂಸ್ಥೆ ಹುಟ್ಟಿದವು. ಒಂದು ಡಿ.ವಿ.ಜಿ. ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಇನ್ನೊಂದು ಬಿ.ಪಿ. ವಾಡಿಯಾ ಅವರು ಕಟ್ಟಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್. ಎರಡರಲ್ಲೂ ಇವತ್ತಿಗೂ ಉಪನ್ಯಾಸ, ಸಂಗೀತ ನಡೆಯುತ್ತದೆ. ಬಾಗಿಲಲ್ಲಿ ಟಿಕೆಟ್ ಇಲ್ಲ. ಹೋಗುವುದು, ಕೂರುವುದು, ಕೇಳುವುದು, ಅಷ್ಟೇ. ನಾನು ಕುಮಾರವ್ಯಾಸನನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ರುಚಿಸಿದ್ದು ಇಂಥ ಒಂದು ಸಂಜೆ, ಗಮಕಿಗಳೊಬ್ಬರು ವಾಚನ ಮಾಡಿದಾಗ. ಅವತ್ತು ರೂಮಿಗೆ ನಡೆದೇ ಹೋದೆ, ಬಸ್ಸು ಹತ್ತಿದರೆ ಕಿವಿಯಲ್ಲಿದ್ದ ರಾಗ ಹೋಗಿಬಿಡುತ್ತದೆ ಅಂತ ಭಯ. ಬಸವನಗುಡಿ ದೂರವಾದರೆ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಇದೆ, ಅಲ್ಲೂ ಹೆಚ್ಚಿನ ಕಾರ್ಯಕ್ರಮ ಉಚಿತ.

ನಾಟಕಕ್ಕೆ ಸ್ವಲ್ಪ ದುಡ್ಡು ಬೇಕು. ಆದರೂ ಮಾಲಿನಲ್ಲಿ ಸಿನಿಮಾ ನೋಡಿ ಪಾಪ್‌ಕಾರ್ನ್ ತಿನ್ನುವಷ್ಟು ಬೇಡ. ಜೆ.ಪಿ. ನಗರದ ರಂಗಶಂಕರ 2004ರಿಂದ ನಡೆಯುತ್ತಿದೆ, ಶಂಕರ್‌ನಾಗ್ ಅವರ ನೆನಪಿಗೆ ಅರುಂಧತಿ ನಾಗ್ ಅವರು ಕಟ್ಟಿದ್ದು. ಅಲ್ಲಿ ನಾಟಕ ಶುರುವಾದ ಮೇಲೆ ಬಾಗಿಲು ತೆರೆಯುವುದಿಲ್ಲ. ಬೇಗ ಹೋಗಿ. ಟೌನ್‌ಹಾಲ್ ಹತ್ತಿರ ರವೀಂದ್ರ ಕಲಾಕ್ಷೇತ್ರ ಇದೆ, ಅದರ ಹಿಂದೆ ಸಂಸ ಬಯಲು ರಂಗಮಂದಿರ. ಅಲ್ಲಿ ಎಷ್ಟೋ ಕಾರ್ಯಕ್ರಮಕ್ಕೆ ಟಿಕೆಟ್ಟೇ ಇರುವುದಿಲ್ಲ.

ಇನ್ನು ಪಂಚಾಂಗ ನೋಡಿಕೊಂಡು ಹೋಗಬೇಕಾದವು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಹೊಲಕ್ಕೆ ನುಗ್ಗಿ ಕಡಲೆಕಾಯಿ ತಿನ್ನುತ್ತಿದ್ದ ಬಸವನ ಕತೆ, ರೈತರು ಮೊದಲ ಬೆಳೆಯನ್ನು ಅವನಿಗೆ ಒಪ್ಪಿಸುವ ಪದ್ಧತಿ. ಬುಲ್ ಟೆಂಪಲ್ ರಸ್ತೆಯ ಎರಡೂ ಕಡೆ ರಾಶಿ. ಹಸಿಯದ್ದು, ಹುರಿದದ್ದು, ಬೇಯಿಸಿದ್ದು. ಸೇರಿನಲ್ಲಿ ಅಳೆದು ಕೊಡುತ್ತಾರೆ. ಬಟ್ಟೆ ಚೀಲ ತೆಗೆದುಕೊಂಡು ಹೋಗಿ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ, ರಸ್ತೆ ತುಂಬ ಚಿತ್ರ ಬರೆಯುವವರು ಕೂತಿರುತ್ತಾರೆ. ಸಂಕ್ರಾಂತಿಯ ಸಂಜೆ ಗವಿಪುರದ ಗಂಗಾಧರೇಶ್ವರ ಗುಡಿಯಲ್ಲಿ ಸೂರ್ಯನ ಬೆಳಕು ನಂದಿಯ ಕೊಂಬಿನ ನಡುವೆ ಹಾದು ಗುಹೆಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ಕೆಲವೇ ನಿಮಿಷ. ಆ ಗುಡಿ ಕಟ್ಟಿದವರಿಗೂ ಹೊತ್ತಿನ ಲೆಕ್ಕ ಎಷ್ಟು ಚೆನ್ನಾಗಿ ಗೊತ್ತಿತ್ತು ನೋಡಿ. ರಾಮನವಮಿಯ ದಿನ ಹಳೇ ಬಡಾವಣೆಗಳ ಯಾವ ರಸ್ತೆಯಲ್ಲಿ ನಡೆದರೂ ಪಾನಕ, ಮಜ್ಜಿಗೆ, ಕೋಸಂಬರಿ ಕೊಡುತ್ತಾರೆ. ನಾಚಿಕೆ ಬೇಡ, ಕೈ ಒಡ್ಡಿ. ಕೊಡುವವರಿಗೆ ನೀವು ನಿಂತು ಕುಡಿಯುವುದೇ ಸಂತೋಷ.

ಚೈತ್ರ ಹುಣ್ಣಿಮೆಯ ರಾತ್ರಿ ಕರಗ, ಅಂದರೆ ಹೂವಿನಿಂದ ಸಿಂಗರಿಸಿ ತಲೆಯ ಮೇಲೆ ಹೊರುವ ಕಲಶದ ಮೆರವಣಿಗೆ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ನಡುರಾತ್ರಿ ದಾಟಿದ ಮೇಲೆ ಹೊರಡುತ್ತದೆ. ಮೊದಲು ಕತ್ತಿ ಹಿಡಿದ ವೀರಕುಮಾರರ ಕೂಗು, ಆಮೇಲೆ ಮಲ್ಲಿಗೆಯ ವಾಸನೆ, ಆಮೇಲೆ ಕರಗ. ಪೇಟೆಯ ಬೀದಿಗಳಲ್ಲಿ ಸುತ್ತಿ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಎಷ್ಟು ತಲೆಮಾರಿನಿಂದ ಈ ರೂಢಿ ಇದೆ. ಅದನ್ನು ಒಂದು ಸಲ ಕಣ್ಣಾರೆ ನೋಡಿದವರು ಈ ಊರಿನ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ.

ಹೊಟ್ಟೆಯ ವಿಷಯ ಒಬ್ಬರು ಚೀಟಿ ಬರೆದು ಕೇಳಿದ್ದಾರೆ. ದರ್ಶಿನಿಗೆ, ಅಂದರೆ ನಿಂತೇ ತಿನ್ನುವ ಸಣ್ಣ ಹೋಟೆಲಿಗೆ ಹೋಗಿ, ಬೈಟು ಕಾಫಿ ಹೇಳಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿ ಕೊಡುತ್ತಾರೆ, ಯಾರೂ ಕೀಳಾಗಿ ನೋಡುವುದಿಲ್ಲ. ಈ ಊರಿನಲ್ಲಿ ಗೆಳೆತನ ಶುರುವಾಗುವುದೇ ಬೈಟುನಲ್ಲಿ.

ಇನ್ನೊಂದು ಚೀಟಿ ಇದೆ: "ಬೆಳಗಿನ ಜಾವ ಒಬ್ಬಳೇ ಹೋಗೋಕೆ ಭಯ." ಇದು ನಿಜವಾದ ಮಾತು. ಇದನ್ನು ತಳ್ಳಿಹಾಕುವುದಿಲ್ಲ. ಮಾರ್ಕೆಟ್ಟಿಗೆ, ಕರಗಕ್ಕೆ ನಾಲ್ಕು ಜನ ಸೇರಿ ಹೋಗಿ. ಲಾಲ್‌ಬಾಗ್, ಕಬ್ಬನ್ ಪಾರ್ಕಿನಲ್ಲಿ ಬೆಳಗ್ಗೆ ಆರೂವರೆ ಮೇಲೆ ಜನ ಇದ್ದೇ ಇರುತ್ತಾರೆ. ಜೊತೆ ಇಲ್ಲ ಅನ್ನುವವರಿಗೆ ನಾನಿದ್ದೇನೆ, ನನ್ನ ಮನೆಯವರೂ ಬರುತ್ತಾರೆ. ಬರುವ ಭಾನುವಾರ ಬೆಳಗ್ಗೆ ಆರೂಮುಕ್ಕಾಲಿಗೆ ನಾವಿಬ್ಬರೂ ಲಾಲ್‌ಬಾಗಿನ ಬಂಡೆಯ ಮೇಲೆ, ಗೋಪುರದ ಹತ್ತಿರ ಇರುತ್ತೇವೆ. ಫ್ಲಾಸ್ಕಿನಲ್ಲಿ ಕಾಫಿ ತರುತ್ತೇವೆ. ಲೋಟ ನೀವು ತನ್ನಿ. ಹಿಂದಿನ ಸಾಲಿನ ಹುಡುಗಿ, ನೀನಂತೂ ಬರಲೇಬೇಕು. ದಾರಿಯಲ್ಲಿ ಆಕಾಶಮಲ್ಲಿಗೆ ಬಿದ್ದಿದ್ದರೆ ಒಂದು ಬೊಗಸೆ ಆರಿಸಿಕೊಂಡು ಬಾ, ದಾರವಿಲ್ಲದೆ ಹೆಣೆಯುವುದು ನನ್ನ ಹೆಂಡತಿಗೆ ಬರುತ್ತದೆ.